ಬೀಜಕ್ಕುಳಿದ ನಲವತ್ತು ಮೀನು

ಅಂಗಳದ ಸಿಮೆಂಟಿನ ತೊಟ್ಟಿಯಲ್ಲಿ ನೀರು ಅಲುಗದೆ ನಿಂತಿದೆ. ತಳದಲ್ಲಿ ಹೊಲದ ಹೊಂಡದಿಂದ ಹಿಡಿದು ತಂದ ಎರಡು ಗೆಂಡೆ ಮೀನು. ಒಂದು ಮೊಳದುದ್ದ, ಇನ್ನೊಂದು ಗೇಣುದ್ದ. ಎರಡೂ ಒಂದೇ ದಿನ ಹುಟ್ಟಿ, ಒಂದೇ ಮೇವು ತಿಂದವು. ದೊಡ್ಡದರ ಬೆನ್ನಿನ ಮೇಲೆ ಇಳಿಹೊತ್ತಿನ ಬಿಸಿಲು ಹಳೆಯ ಹಿತ್ತಾಳೆಯಂತೆ ಕೂತಿದೆ.

ಅಂಕಲಗಿಯ ಇಂದ್ರವ್ವ ಹೊಲದ ಹೊಂಡದಲ್ಲಿ ಮೀನು ಸಾಕತೊಡಗಿ ಆರು ವರ್ಷ. ವರ್ಷದಿಂದ ವರ್ಷಕ್ಕೆ ಮೀನಿನ ಗಾತ್ರ ಕುಗ್ಗುತ್ತ ಬಂದಿತ್ತು. ಈ ಸಲವೂ ಹೀಗಾದರೆ ಹೊಂಡ ಮುಚ್ಚುವುದೇ ಸರಿಯೆಂದು ಗಂಡ ಕೆಂಚಪ್ಪ ಹೇಳಿಯಾಗಿತ್ತು.

ಮೀನು ಕೊಳ್ಳುವ ಸತ್ತೆಪ್ಪ ಬುಟ್ಟಿಯೊಡನೆ ಬಂದ. "ಅಕ್ಕಾರ, ದೊಡ್ಡವೆಲ್ಲಾ ನಾ ಒಯ್ತೇನಿ. ಸಣ್ಣವು ನಿಮಗ ಮರಿ ಮಾಡಾಕ, ಬೀಜಕ್ಕಿರಲಿ. ವರ್ಷಾ ಹಂಗ ಅಲ್ಲೇನ್ರಿ?"

"ವರ್ಷಾ ಹಂಗ ಮಾಡೇ ಕೆಟ್ಟೇವಿ," ಎಂದಳು ಇಂದ್ರವ್ವ. "ಎಲ್ಲಕ್ಕಿಂತ ದೊಡ್ಡ ನಲವತ್ತು ನಮ್ಮ ಬೀಜಕ್ಕ. ಉಳಿದದ್ದು ಒಯ್ರಿ."

"ಮಾರೂ ಮೀನ ಇಟ್ಕೊಂಡು ಪೂಜಿ ಮಾಡ್ತೀಯೇನ?" ಎಂದ ಕೆಂಚಪ್ಪ.

ತೊಟ್ಟಿಯ ಬಳಿ ನಿಂತಿದ್ದ, ಮೀನು ಸಾಕಣೆಯ ತರಬೇತಿ ಪಡೆದಿದ್ದ ನೆರೆಮನೆಯ ದಾನೇಶ್ವರಿ ನಕ್ಕಳು. "ಕಾಕಾ, ಬಿತ್ತಾಕ ಎಂಥಾ ಜ್ವಾಳದ ತೆನಿ ಎತ್ತಿಡ್ತೀರಿ?"

"ತುಂಬಿದ ತೆನಿ. ಅದನ್ನೂ ಕೇಳಬೇಕೇನವಾ?"

"ಮತ್ತ ಮೀನಿನಾಗ ಜೊಳ್ಳು ಯಾಕ ಇಡ್ತೀರಿ? ಒಂದ ವಯಸ್ಸಿನ ಮೀನಿನಾಗ ಲಗೂ ಬೆಳದದ್ದು, ರೋಗ ಇಲ್ಲದ್ದು ಆರಿಸ್ರಿ. ಹೆಣ್ಣು ಇಲ್ಲಿವು ಇರಲಿ, ಗಂಡು ನಾಗನೂರಿನ ಹೊಂಡದಿಂದ ತರೂಣು. ಒಂದ ಬೆಡಗಿನಾಗ, ಒಂದ ವಂಶದಾಗ ಬೀಗತನ ಮಾಡ್ತೀರೇನ ನೀವು?"

"ಬರೂ ವರ್ಷ ಆನಿ ಹುಟ್ತಾವು ನೋಡ್ರಿ," ಸತ್ತೆಪ್ಪ ಅಣಕಿಸಿದ.

"ಆನಿ ಹುಟ್ಟೂದಿಲ್ಲ ಮಾಮಾ," ಎಂದಳು ದಾನೇಶ್ವರಿ. "ಪ್ರತಿ ಪೀಳಿಗಿಗೂ ಆರಿಸಿದ್ರ ಸ್ವಲ್ಪ ಸ್ವಲ್ಪ ಲಗೂ ಬೆಳೀತಾವು."

ಕೆಂಚಪ್ಪ ತೊಟ್ಟಿಗೆ ಬಾಗಿ ಮೊದಲು ದೊಡ್ಡ ಮೀನನ್ನು, ಆಮೇಲೆ ಸಣ್ಣದನ್ನು ನೋಡಿದ.

"ಕೊಟ್ರ ದೊಡ್ಡವು ಎಲ್ಲಾ ಕೊಡ್ರಿ. ಇಲ್ಲಾಂದ್ರ ಈ ಹೊಂಡಕ್ಕ ನಾ ಮತ್ತ ಬರಾಂಗಿಲ್ಲ," ಎಂದ ಸತ್ತೆಪ್ಪ.

"ಬರಬ್ಯಾಡ್ರಿ," ಎಂದಳು ಇಂದ್ರವ್ವ. "ಹತ್ತರಗಿ ಹೆದ್ದಾರಿ ಮ್ಯಾಲೆ ಕುಂತು ನಾನ ಮಾರ್ತೇನಿ. ನಮ್ಮ ಬೀಜ ನೀವು ಆರಿಸೂದು ಇವತ್ತಿಗೆ ಮುಗೀತು."

ಹೊಂಡವುಳ್ಳ ಬಂಧುಗಳೇ, ಕೊಳ್ಳುವವನು ಬೇಡವೆಂದದ್ದು ಬೀಜವಾಗಬಾರದು. ನಿಮ್ಮ ಬಲೆಯ ಅತ್ಯುತ್ತಮ ಮೀನುಗಳನ್ನು ಮೊದಲು ತೆಗೆದಿಡಿ, ಆಮೇಲೆ ಮಾರಿ. ಆರಿಸಿ ಬೆಳೆಸಿದ ತಳಿಯ ಮರಿಗಳಿಗಾಗಿ ಹತ್ತಿರದ ಮೀನುಗಾರಿಕೆ ಕಚೇರಿಯಲ್ಲಿ ಕೇಳಿ. ಮುನಿಯುವವರು ಮುನಿಯಲಿ.

ಸತ್ತೆಪ್ಪ ಖಾಲಿ ಬುಟ್ಟಿ ಎತ್ತಿಕೊಂಡು ಹೊರಬಿದ್ದ. ಅವನ ಹಿಂದೆ ತಲಬಾಗಿಲನ್ನು ಕೆಂಚಪ್ಪನೇ ಮುಚ್ಚಿದ.