ಸೋಫಾ ಅಂಗಡಿಯಲ್ಲಿ ಪಾಠ

ತರಬೇತಿ ಕೇಂದ್ರದ ಮೇಲಿನ ಮಹಡಿಯಲ್ಲಿ ನೀರಿನ ಪೈಪ್ ಒಡೆದು ಕೆಳಗಿನ ಕೋಣೆಗಳ ಚಾವಣಿ ಕುಸಿದಾಗ ಪುಣ್ಯಕ್ಕೆ ಒಳಗೆ ಯಾರೂ ಇರಲಿಲ್ಲ. ಆದರೆ ಆಪ್ತಸಮಾಲೋಚನೆ ಕಲಿಯುತ್ತಿದ್ದ ನಾಲ್ವರ ಪಾಠ ಅರ್ಧಕ್ಕೇ ನಿಂತಿತು. ಅವರಲ್ಲಿ ಹೆಚ್ಚು ಕಂಗಾಲಾದವಳು ಪರಿಹಾರಕ್ಕ. ಫೋನ್ ಕಂಪನಿಯ ದೂರು ವಿಭಾಗದ ಕೆಲಸ ಬಿಟ್ಟು ಬಂದವಳು. ಯಾರು ಕಷ್ಟ ಹೇಳಿಕೊಂಡರೂ ಮಾತು ಮುಗಿಯುವ ಮೊದಲೇ ಪರಿಹಾರ ಕೊಟ್ಟುಬಿಡುತ್ತಾಳೆಂದು ಸಹಪಾಠಿಗಳು ಇಟ್ಟ ಹೆಸರದು.

ಪಾಠ ಹೇಳುತ್ತಿದ್ದ ಮೇಡಂ ಅವತ್ತು ಸಂಜೆಯೇ ಒಬ್ಬೊಬ್ಬರಿಗೂ ಫೋನ್ ಮಾಡಿದರು.

"ನನ್ನ ಕಥೆ ಮುಗೀತು ಮೇಡಂ," ಎಂದಳು ಪರಿಹಾರಕ್ಕ. "ಮುಂದಿನ ತಿಂಗಳು ನಿಜವಾದ ಜನರ ಎದುರು ಕೂರಬೇಕಿತ್ತು. ಈಗ ಕಲಿತದ್ದೂ ಮರೆತುಹೋಗುತ್ತೆ. ಹಳೇ ಕೆಲಸಕ್ಕೇ ವಾಪಸ್ ಹೋಗಿಬಿಡ್ಲಾ?"

ಮೇಡಂ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಅವಳ ಗೋಳೆಲ್ಲ ಮುಗಿದ ಮೇಲೆ, "ಭಯ ಆಗದೇ ಇರುತ್ತಾ? ನಾಳೆ ನನ್ನ ತಮ್ಮನ ಅಂಗಡಿಗೆ ಬಾ. ಕೂರೋಕಂತೂ ಅಲ್ಲಿ ಬರ ಇಲ್ಲ," ಎಂದರು.

ತಮ್ಮನದು ಸೋಫಾ, ಮಂಚಗಳ ಅಂಗಡಿ. ಹಿಂಭಾಗದಲ್ಲಿ, ಬೀರುಗಳ ಮರೆಯಲ್ಲಿ ಪಾಠ ಶುರುವಾಯಿತು. ಒಬ್ಬರು ನೊಂದವರಂತೆ ನಟಿಸಬೇಕು, ಇನ್ನೊಬ್ಬರು ಕೇಳಿಸಿಕೊಳ್ಳಬೇಕು. ಮೊದಲ ದಿನ ಸಹಪಾಠಿಯೊಬ್ಬ ಎಷ್ಟು ಚೆನ್ನಾಗಿ ಬಿಕ್ಕಿದನೆಂದರೆ, ಮಂಚ ನೋಡುತ್ತಿದ್ದ ಗಿರಾಕಿ ಅವನು ಬೆಲೆ ಕೇಳಿಯೇ ಅಳುತ್ತಿದ್ದಾನೆಂದುಕೊಂಡು ಮೆಲ್ಲಗೆ ಜಾಗ ಖಾಲಿ ಮಾಡಿದ.

"ಅಕ್ಕಾ, ಸ್ವಲ್ಪ ಮೆತ್ತಗೆ ಅಳಿಸೇ!" ತಮ್ಮ ಹಣೆ ಚಚ್ಚಿಕೊಂಡ.

ಒಂದು ದಿನ ಪರಿಹಾರಕ್ಕ ಬೇಗ ಬಂದು ಕೂತಿದ್ದಳು. ಗಂಡ ಹೆಂಡತಿ ಇಬ್ಬರು ಸೋಫಾ ಮುಂದೆ ಜಗಳಕ್ಕೆ ನಿಂತಿದ್ದರು. ಗಂಡನಿಗೆ ದೊಡ್ಡದೇ ಬೇಕು, ಹೆಂಡತಿಗೆ ಚಿಕ್ಕದು ಸಾಕು. ಪರಿಹಾರಕ್ಕನನ್ನು ಅಂಗಡಿಯವಳೆಂದು ತಿಳಿದು, "ನೀವೇ ಹೇಳಿಮ್ಮ," ಎಂದರು ಆಕೆ.

ಮಧ್ಯದ ಅಳತೆಯದು ತಗೊಳ್ಳಿ ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡಳು. "ದೊಡ್ಡದರಲ್ಲಿ ಯಾರ್ಯಾರು ಕೂರಬೇಕು ಸರ್?" ಎಂದಷ್ಟೇ ಕೇಳಿದಳು.

ಆತ ಸೋಫಾದ ಬಟ್ಟೆ ಸವರುತ್ತ ನಿಂತರು. ಅವಳು ಕಾದಳು.

"ಆಫೀಸಿನವರು. ರಿಟೈರ್ ಆದ್ಮೇಲೆ ಮನೆಗೆ ಬರ್ತಾ ಇರ್ತೀವಿ ಅಂದಿದ್ರು. ಒಬ್ಬರೂ ಬಂದಿಲ್ಲ."

"ಅದನ್ನ ನನಗೆ ಹೇಳಬಾರದಿತ್ತಾ?" ಹೆಂಡತಿ ಆತನ ಕೈ ಹಿಡಿದು ಅಲ್ಲೇ ಕೂರಿಸಿದರು. "ಮನೇಲಿ ನಾನೇನು ಗೊಂಬೆನಾ?"

ಇಬ್ಬರೂ ಬಹಳ ಹೊತ್ತು ಮಾತಾಡಿದರು, ಕಣ್ಣೊರೆಸಿಕೊಂಡರು, ನಕ್ಕರು. "ಮನೇಲಿ ಇರೋ ಸೋಫಾನೇ ಸಾಕು. ಭಾನುವಾರ ನಾವೇ ಅವರನ್ನ ಊಟಕ್ಕೆ ಕರೀತೀವಿ," ಎಂದು ಹೊರಟೇಬಿಟ್ಟರು.

"ಆಯ್ತಲ್ಲ! ಬಂದ ವ್ಯಾಪಾರಕ್ಕೆ ಕಲ್ಲು ಹಾಕಿದ್ರಿ!" ಎಂದು ತಮ್ಮ ಕೂಗಾಡಿದ.

ಬೀರುಗಳ ಹಿಂದಿನಿಂದ ಮೇಡಂ ಬಂದರು. "ಹೇಗೆ ಸುಮ್ಮನಿದ್ದೆ?"

"ನಾಲಿಗೆ ಕಚ್ಚಿಕೊಂಡಿದ್ದೆ ಮೇಡಂ. ಇನ್ನೂ ಉರೀತಿದೆ."

ಮೇಡಂ ಬಿದ್ದು ಬಿದ್ದು ನಕ್ಕರು. ಮುಖ ಗಂಟಿಕ್ಕಿದ್ದ ತಮ್ಮನಿಗೂ ನಗು ತಡೆಯಲಾಗಲಿಲ್ಲ.

ಕೇಂದ್ರದ ದುರಸ್ತಿ ಮುಗಿಯಿತು. ಪರಿಹಾರಕ್ಕನ ಎದುರು ಮೊದಲ ಸಲ ನಿಜವಾಗಿಯೂ ನೊಂದ ಹೆಂಗಸೊಬ್ಬರು ಬಂದು ಕೂತರು. ಮೈಯೆಲ್ಲ ಕಿವಿಯಾಗಿ ಕೇಳಿದಳು. ಹೊರಬಂದಾಗ ಮೇಡಂ ಬಾಗಿಲ ಪಕ್ಕದ ಬೆಂಚಿನಲ್ಲಿ ಕಾಯುತ್ತಿದ್ದರು.

"ಮುಂದಿನ ವಾರಾನೂ ಬರ್ತಾರಂತೆ ಮೇಡಂ!"

"ಬರಲಿ. ಈಗ ನಿನ್ನ ವಿಷಯ ಹೇಳು, ನಿನಗೆ ಹೇಗನ್ನಿಸ್ತು?"

ಪರಿಹಾರಕ್ಕ ಪಕ್ಕದಲ್ಲಿ ಕುಸಿದು ಕೂತು ಹೇಳಲು ಶುರುಮಾಡಿದಳು. ಇಬ್ಬರಿಗೂ ಬಸ್ಸು ತಪ್ಪಿತು.