ಎರಿಕಮ್ಮನ ಬೇಳೆಯ ಹುಳಿ

ವಿನೆಗರನ್ನೇ ಇನ್ನೊಂದು ಚಮಚ ಜಾಸ್ತಿ ಹಾಕಿದರೆ ಸಾಲದೇ? ಅದರ ಜೊತೆ ಚೂರು ಬೆಲ್ಲ ಸೇರಿಸಿದರೆ? ವಯಸ್ಸಾದ ನಾಲಿಗೆ, ಅದಕ್ಕೆ ಅಷ್ಟೆಲ್ಲ ತಿಳಿಯುತ್ತದೆಯೇ?

ತಿಳಿಯುತ್ತದೆ. ನಿನ್ನೆ ತಿಳಿದಿತ್ತಲ್ಲ. ಒಂದೇ ಒಂದು ಚಮಚ ಬಾಯಿಗಿಟ್ಟು ಹೇಬರ್ಲೆ ಸಾಹೇಬರು ಕೈ ಕೆಳಗಿಳಿಸಿದ್ದರು. "ಚೆನ್ನಾಗಿದೆ ದೇಜಪ್ಪ. ಆದರೆ ಇದು ಎರಿಕಾಳದ್ದಲ್ಲ," ಎಂದು ಕಿಟಕಿಯಾಚೆಯ ಬೋಳು ಗುಡ್ಡದತ್ತ ಮುಖ ತಿರುಗಿಸಿದ್ದರು. ಬೇಸರವನ್ನೂ ತೋರಿಸದ ಆ ಮುಖ ದೇಜಪ್ಪನ ಕಣ್ಣಿನಿಂದ ಇನ್ನೂ ಹೋಗಿರಲಿಲ್ಲ.

ಅಡುಗೆಮನೆಯ ಕಟ್ಟೆಗೆ ಒರಗಿ ನಿಂತ ದೇಜಪ್ಪ ಒಲೆ ಹಚ್ಚಲಿಲ್ಲ. ನಾಳೆ ಸಾಹೇಬರನ್ನು ಮಗಳು ಹೈಕೆ ಜರ್ಮನಿಗೆ ಕರೆದೊಯ್ಯುತ್ತಾಳೆ. ನೀರಿನ ಇಂಜಿನಿಯರ್ ಆಗಿ ಬಂದವರು, ಇಬ್ರಾ ಕಡೆಯ ಹಳೆಯ ಕಾಲುವೆಗಳನ್ನು ಅಳೆಯುತ್ತ ಅಳೆಯುತ್ತ ಒಮಾನಿನಲ್ಲೇ ಮುದುಕರಾದವರು. ಹೆಂಡತಿ ಎರಿಕಾ ತೀರಿಕೊಂಡ ಮೇಲೆ ಊಟ ಕಡಿಮೆಯಾಯಿತು, ಮಾತು ಅದಕ್ಕಿಂತ ಕಡಿಮೆಯಾಯಿತು. ಹೋಗುವ ಮುನ್ನ ಅವರು ಕೇಳಿದ್ದು ಒಂದೇ: ತಮ್ಮ ಷ್ವಾಬಿಯ ಸೀಮೆಯ ಬೇಳೆ ಮತ್ತು ಷ್ಪೆಟ್ಸ್‌ಲೆ ಎಂಬ ಶಾವಿಗೆ, ಎರಿಕಾ ಮಾಡುತ್ತಿದ್ದ ಹಾಗೆ.

ಎರಿಕಾ ಹೇಗೆ ಮಾಡುತ್ತಿದ್ದರೆಂಬುದು ದೇಜಪ್ಪನಿಗೆ ಚೆನ್ನಾಗಿಯೇ ಗೊತ್ತಿತ್ತು. ಗೊತ್ತಿದ್ದೂ ನಿನ್ನೆ ವಿನೆಗರ್ ಹಾಕಿದ್ದ. ಅದೇ ಈಗ ಎದೆಯಲ್ಲಿ ಮುಳ್ಳಿನ ಹಾಗೆ ಆಡುತ್ತಿತ್ತು.

ಸಂಜೆಯ ಊಟಕ್ಕೆ ಇನ್ನೂ ಹೊತ್ತಿತ್ತು. ಅವನು ವಾದಿ ಕಬೀರಿಗೆ ಹೋಗುವ ಬಸ್ಸು ಹತ್ತಿದ.

ನೌಶಾದನ ಅಂಗಡಿ ಗ್ಯಾರೇಜುಗಳ ಸಾಲಿನ ಕೊನೆಯಲ್ಲಿ. ಉಪ್ಪಿನಂಗಡಿಯ ಬ್ಯಾರಿ, ಊರಿನ ಸಾಮಾನಿಗೆ ಕರಾವಳಿಯವರೆಲ್ಲ ಅಲ್ಲಿಗೇ ಬರಬೇಕು.

"ಎಂತ ದೇಜಪ್ಪಣ್ಣ, ಇವತ್ತು ದಾರಿ ತಪ್ಪಿದ್ದಾ?"

"ಪುನರ್ಪುಳಿ ಉಂಟಾ ಮಾರಾಯ? ಒಣಗಿದ ಸಿಪ್ಪೆ, ಹುಳಿಗೆ."

"ಖಲಾಸ್. ಮುಂದಿನ ವಾರ ಬರ್ತದೆ. ಇದು ಉಂಟು ನೋಡಿ, ಮಲಯಾಳಿಗಳ ಕುಡಂಪುಳಿ. ಮೀನಿಗೆ ಫಸ್ಟ್ ಕ್ಲಾಸ್."

"ಮೀನಿಗಲ್ಲ. ಜರ್ಮನಿಯವರ ಬೇಳೆಗೆ."

ನೌಶಾದ್ ತಕ್ಕಡಿಯ ಮೇಲೆ ಬಗ್ಗಿ ನಕ್ಕ. "ಜರ್ಮನಿಯವರಿಗೆ ಪುನರ್ಪುಳಿಯಾ! ಪಾಪ, ಹೋಗುವ ಕಾಲಕ್ಕೆ ಅವರ ಜಾತಿ ಕೆಡಿಸ್ತೀರಲ್ಲ." ಆಮೇಲೆ ನಗು ನಿಲ್ಲಿಸಿ, ಧ್ವನಿ ತಗ್ಗಿಸಿ, "ಲೋಲಾಕ್ಷಿಯಕ್ಕ ಇರುವಾಗ ನಮಗೂ ಒಂದು ಕಟ್ಟು ಕಳಿಸ್ತಿದ್ರು. ಅದರ ಮುಂದೆ ಈ ಪ್ಯಾಕೆಟಿನದ್ದು ಎಂತದೂ ಅಲ್ಲ. ಮನೆಯಲ್ಲಿ ಅವರದ್ದು ಸ್ವಲ್ಪವೂ ಉಳಿದಿಲ್ವಾ?" ಎಂದ.

"ಇಲ್ಲ," ಎಂದ ದೇಜಪ್ಪ.

ಹಿಂದಿರುಗುವಾಗ ಬಸ್ಸಿನ ಗಾಜಿಗೆ ತಲೆ ಆನಿಸಿ ಕುಳಿತ. ಹೊರಗೆ ಗುಡ್ಡಗಳು ಒಂದರ ಹಿಂದೊಂದು ಮೆಲ್ಲಗೆ ಸರಿಯುತ್ತಿದ್ದವು; ಬಿಸಿಲಿನ ಬಣ್ಣ ಜೇನಿನದಾಗಿತ್ತು. ಬಸ್ಸು ನಿಂತಿದೆ, ಗುಡ್ಡಗಳೇ ನಡೆಯುತ್ತಿವೆ ಅನ್ನಿಸಿತು. ಅಂಥ ಹೊತ್ತಿನಲ್ಲಿ ತೀರಿಹೋದ ಹೆಂಡತಿ ಲೋಲಾಕ್ಷಿ ಸುಮ್ಮನೆ ಬಂದು ಪಕ್ಕದಲ್ಲಿ ಕುಳಿತುಬಿಡುತ್ತಿದ್ದಳು, ಕರೆಯುವ ಮೊದಲೇ.

ಬದುಕಿದ್ದಾಗ ಅವಳೂ ಸಾಹೇಬರ ಮನೆಯಲ್ಲೇ ಕೆಲಸಕ್ಕಿದ್ದಳು. ಅವಳಿಗೆ ಜರ್ಮನ್ ಬಾರದು, ಎರಿಕಾಗೆ ತುಳು ಬಾರದು. ಇಬ್ಬರೂ ಅಡುಗೆಮನೆಯಲ್ಲಿ ಕುಳಿತು ತಮ್ಮ ತಮ್ಮ ಮಾತಿನಲ್ಲೇ ಗಂಟೆಗಟ್ಟಲೆ ಮಾತಾಡುತ್ತಿದ್ದರು. ನಗಬೇಕಾದಲ್ಲಿ ಒಟ್ಟಿಗೇ ನಗುತ್ತಿದ್ದರು. ಎರಿಕಾ ಮರದ ಹಲಗೆಯ ಮೇಲೆ ಮೊಟ್ಟೆ ಬೆರೆಸಿದ ಮೈದಾಹಿಟ್ಟನ್ನು ತೆಳ್ಳಗೆ ಹರಡಿ, ಚಾಕುವಿನಿಂದ ಎಳೆ ಎಳೆಯಾಗಿ ಕುದಿಯುವ ನೀರಿಗೆ ಹೆರೆದು ಬೀಳಿಸುವಾಗ ಲೋಲಾಕ್ಷಿ ಮೂಗಿನ ಮೇಲೆ ಬೆರಳಿಟ್ಟಿದ್ದಳು. "ಇದೆಂತ ಎರಿಕಮ್ಮ, ಅರ್ಧಕ್ಕೇ ಬಿಟ್ಟ ಸೇಮಿಗೆ! ನಮ್ಮ ಸೇಮಿಗೆ ಮಣೆ ತರ್ತೇನೆ, ಒಂದೇ ಸಲ ಒತ್ತಿ ಬಿಡುವ." ಎರಿಕಾಗೆ ಏನು ತಿಳಿಯಿತೋ, ಚಾಕುವನ್ನು ಅವಳ ಕೈಗೇ ಕೊಟ್ಟಿದ್ದರು.

ಒಮ್ಮೆ ದೊಡ್ಡ ಮಳೆ ಬಂದು, ಇಲ್ಲಿಯವರು ವಾದಿ ಎನ್ನುವ ಒಣಹಳ್ಳದಲ್ಲಿ ಕೆಂಪು ನೀರು ಹರಿದು ರಸ್ತೆ ಮುಚ್ಚಿಹೋಯಿತು. ಬೇಳೆ ಬೆಂದಿತ್ತು, ಬೆಣ್ಣೆಯಲ್ಲಿ ಹಿಟ್ಟು ಕಂದುಬಣ್ಣಕ್ಕೆ ಹುರಿದಾಗಿತ್ತು. ಕೊನೆಗೆ ಹಾಕಬೇಕಾದ ವಿನೆಗರಿನ ಬಾಟಲಿ ಖಾಲಿ. ಹುಳಿಯಿಲ್ಲದೆ ಆ ಬೇಳೆಯನ್ನು ಷ್ವಾಬಿಯದವರು ಮುಟ್ಟುವುದಿಲ್ಲವಂತೆ. ಎರಿಕಾ ಖಾಲಿ ಬಾಟಲಿಯನ್ನು ಅಲ್ಲಾಡಿಸುತ್ತಿರುವಾಗ ಲೋಲಾಕ್ಷಿ ತನ್ನ ಕೋಣೆಗೆ ಓಡಿ, ಮುಷ್ಟಿಯಲ್ಲಿ ನಾಲ್ಕು ಪುನರ್ಪುಳಿ ಸಿಪ್ಪೆ ತಂದು ಕೇಳದೆಯೇ ಪಾತ್ರೆಗೆ ಹಾಕಿಬಿಟ್ಟಳು. ಅಂದು ಸಾಹೇಬರು ತಟ್ಟೆ ಬಳಿದು ತಿಂದರು. "ಎರಿಕಾ, ಇಷ್ಟು ವರ್ಷಕ್ಕೆ ಇವತ್ತು ನನ್ನ ತಾಯಿಯ ಬೇಳೆಯ ಹಾಗಾಗಿದೆ," ಎಂದರು. ಎರಿಕಾ ಬಾಗಿಲ ಮರೆಯಲ್ಲಿದ್ದ ಲೋಲಾಕ್ಷಿಯನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟರು. ಅಲ್ಲಿಂದ ಮುಂದೆ, ನಿನ್ನೆಯವರೆಗೆ, ಆ ಮನೆಯ ಬೇಳೆಗೆ ವಿನೆಗರ್ ಬಿದ್ದದ್ದೇ ಇಲ್ಲ.

ಪ್ರತಿ ಬೇಸಿಗೆಯಲ್ಲಿ ಊರಿಗೆ ಹೋದಾಗ ಲೋಲಾಕ್ಷಿ ತವರಿನ ಅಂಗಳದಲ್ಲಿ ಚಾಪೆ ಹಾಸಿ ಕೂರುತ್ತಿದ್ದಳು. ಹಣ್ಣು ಬಿಡಿಸಿ, ಸಿಪ್ಪೆ ಒಣಗಿಸಿ, ಅದನ್ನು ಅದರದ್ದೇ ರಸದಲ್ಲಿ ಮತ್ತೆ ಅದ್ದಿ, ಮತ್ತೆ ಒಣಗಿಸುವುದು. ಬೆರಳುಗಳು ತಿಂಗಳುಗಟ್ಟಲೆ ಕೆಂಪು. ಕಾಯಿಲೆ ಜೋರಾದ ಬೇಸಿಗೆಯಲ್ಲೂ ಬಿಡಲಿಲ್ಲ. ಆ ಸಲದ್ದರಲ್ಲಿ ಉಳಿದದ್ದು ಈಗ ಒಂದು ಹಾರ್ಲಿಕ್ಸ್ ಬಾಟಲಿಯಲ್ಲಿತ್ತು, ಒಂದು ಮುಷ್ಟಿಗೂ ಕಡಿಮೆ. ಕೆಲವು ಮಧ್ಯಾಹ್ನ ದೇಜಪ್ಪ ಅದರ ಮುಚ್ಚಳ ತೆಗೆದು ಮೂಸಿ, ಮತ್ತೆ ಬಿಗಿಯಾಗಿ ಮುಚ್ಚಿಡುತ್ತಿದ್ದ. ಅದರಿಂದ ಒಂದು ಲೋಟ ಸಾರನ್ನೂ ಅವನು ತನಗಾಗಿ ಮಾಡಿಕೊಂಡಿರಲಿಲ್ಲ.

ಮನೆ ಸೇರಿದಾಗ ನಡುಮನೆಯಲ್ಲಿ ಸೂಟ್‌ಕೇಸುಗಳು ಸಾಲಾಗಿ ನಿಂತಿದ್ದವು. ಹೈಕೆ ಗೋಡೆಯ ಪಟಗಳನ್ನು ಇಳಿಸುತ್ತಿದ್ದಳು. ಪಟವಿದ್ದಲ್ಲೆಲ್ಲ ಬಿಳಿಯ ಚೌಕಗಳು. ಸಾಹೇಬರು ಆ ಚೌಕಗಳನ್ನೇ ಪಟಗಳೆಂಬಂತೆ ನೋಡುತ್ತ ಕುಳಿತಿದ್ದರು.

ದೇಜಪ್ಪ ತನ್ನ ಕೋಣೆಗೆ ಹೋಗಿ ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತ. ಎರಡು ಸಿಪ್ಪೆ ಸಾಕೇ? ಸಾಲದು, ಅವಳು ನಾಲ್ಕು ಹಾಕುತ್ತಿದ್ದಳು. ಇವು ಹಳತಾಗಿ ಕಸುವು ಕಳೆದುಕೊಂಡಿವೆ, ಎಲ್ಲವೂ ಬೇಕಾದೀತು. ಎಲ್ಲವನ್ನೂ ಹಾಕಿದರೆ ಇಲ್ಲಿ ಉಳಿಯುವುದು ಬರೀ ಗಾಜು. ಹಾಕದಿದ್ದರೆ? ಒಂದು ದಿನ ಬೂಷ್ಟು ಬಂದಾಗ ಚೆಲ್ಲಬೇಕು. ಲೋಲಾಕ್ಷಿಯಾದರೆ ಇಷ್ಟು ಯೋಚಿಸುತ್ತಿರಲಿಲ್ಲ. ಅವಳು ಓಡುತ್ತ ಬಂದಿದ್ದಳು.

ಅವನು ಎದ್ದ.

ಮಸೂರ ಬೇಯುವವರೆಗೆ ಕಾದ. ಹುಳಿ ಮೊದಲೇ ಬಿದ್ದರೆ ಬೇಳೆ ಮೊಂಡು ಹಿಡಿಯುತ್ತದೆ. ಹಲಗೆ ಒದ್ದೆ ಮಾಡಿ ಹಿಟ್ಟು ಹೆರೆದ; ಎಳೆಗಳು ಕುದಿನೀರಲ್ಲಿ ಮುಳುಗಿ, ಒಂದೊಂದಾಗಿ ನಿದ್ದೆಯಿಂದೆದ್ದ ಹಾಗೆ ಮೇಲೆ ಬಂದವು. ಕೊನೆಗೆ ಬಾಟಲಿಯನ್ನು ಪಾತ್ರೆಯ ಮೇಲೆ ಬೋರಲು ಹಾಕಿದ. ಕಪ್ಪು ಸಿಪ್ಪೆಗಳು ಮೆತ್ತಗಾಗಿ, ಅಂಚಿನಿಂದ ಕೆಂಪು ಬಿಟ್ಟುಕೊಂಡು, ಬೇಳೆಯೊಳಗೆ ಹೊಳೆಯಂತೆ ಹರಡಿದವು. ಆವಿಯಲ್ಲಿ ಯಾರೋ ನಿಂತಿದ್ದಾರೆ ಅನ್ನಿಸಿತು. ಅವನು ತಿರುಗಿ ನೋಡಲಿಲ್ಲ, ನೋಡಿದರೆ ಹೋಗಿಬಿಡುತ್ತಾಳೆಂದು.

ಬಡಿಸುವ ಮುನ್ನ ಸಿಪ್ಪೆಗಳನ್ನೆಲ್ಲ ಆರಿಸಿ ತೆಗೆದ. ಎರಿಕಾ ಹಾಗೇ ಮಾಡುತ್ತಿದ್ದರು.

ಸಾಹೇಬರು ಒಂದು ಚಮಚ ತಿಂದರು. ಇನ್ನೊಂದು ತಿಂದರು. ಹೈಕೆ ಅಪ್ಪನ ಮುಖವನ್ನೇ ನೋಡುತ್ತ ತನ್ನ ಊಟ ಮರೆತಳು. ತಟ್ಟೆ ಖಾಲಿಯಾಗುತ್ತ ಬಂದಾಗ ತಳದಲ್ಲಿ, ಕಣ್ತಪ್ಪಿ ಉಳಿದಿದ್ದ ಒಂದು ಸಿಪ್ಪೆ ಕಾಣಿಸಿತು.

ಸಾಹೇಬರು ಅದನ್ನು ಚಮಚದಲ್ಲಿ ಮಗುಚಿ ನೋಡಿದರು. "ಎರಿಕಾ ಇವನ್ನು ಯಾವಾಗಲೂ ತೆಗೆದುಬಿಡುತ್ತಿದ್ದಳು," ಎಂದರು ನಿಧಾನವಾಗಿ. "ಎಷ್ಟೋ ವರ್ಷದ ಹಿಂದೆ ಒಂದು ಸಲ ಮರೆತಿದ್ದಳು. ನಾನು ಕೇಳಲಿಲ್ಲ. ಅವಳಿಗೆ ಆ ಗುಟ್ಟು ಅಷ್ಟು ಇಷ್ಟವಾಗಿತ್ತು."

ಅವರು ಸಿಪ್ಪೆಯನ್ನು ಬಾಯಿಗಿಟ್ಟು ಬಹಳ ಹೊತ್ತು ಅಗಿದರು. ಹೊರಗೆ ಮಸೀದಿಯಲ್ಲಿ ರಾತ್ರಿಯ ಬಾಂಗು ಶುರುವಾಯಿತು.

"ಇದು ಎಲ್ಲಿ ಸಿಗುತ್ತದೆ?" ಹೈಕೆ ಕೇಳಿದಳು. "ಅಲ್ಲಿಗೂ ಸ್ವಲ್ಪ ಒಯ್ಯೋಣವೇ ಅಂತ."

"ಅಂಗಡಿಯಲ್ಲಿ ಸಿಗ್ತದೆ ಮೇಡಂ. ವಾದಿ ಕಬೀರಿನಲ್ಲಿ. ಈ ವಾರ ಖಾಲಿಯಾಗಿದೆ."

ಸಾಹೇಬರು ಖಾಲಿ ತಟ್ಟೆಯನ್ನು ಎರಡೂ ಕೈಯಿಂದ ಎತ್ತಿ ಅವನಿಗೆ ಕೊಟ್ಟರು. ದೇಜಪ್ಪ ಅದನ್ನು ಒಳಗೆ ಒಯ್ದು, ತೊಳೆಯುವ ಮುನ್ನ ಕೆಂಪಾಗಿದ್ದ ತನ್ನ ಬೆರಳುಗಳನ್ನು ಒಮ್ಮೆ ನೋಡಿಕೊಂಡ.

ಅದು ಲೋಲಾಕ್ಷಿ ತನ್ನ ಕೈಯಾರೆ ಒಣಗಿಸಿದ ಕೊನೆಯ ಪುನರ್ಪುಳಿ ಎಂದು ಅವನು ಹೇಳಲೇ ಇಲ್ಲ.