ಕೆಸುವಿನ ಕಳ್ಳರು ಬೇಕಾಗಿದ್ದಾರೆ

ಸಮೋವಾ ದ್ವೀಪದ ಹಳ್ಳಿ ಸಲೆಲಾಗಿಯಲ್ಲಿ ಗೋಡೆ ಎಂಬುದು ಇರುವುದು ಚರ್ಚಿಗೆ ಮಾತ್ರ. ಮನೆಗಳಿಗೆಲ್ಲ ಸುತ್ತ ಕಂಬ, ಮೇಲೊಂದು ಸೂರು, ಮಳೆ ಬಂದರೆ ಇಳಿಬಿಡಲು ತೆಂಗಿನ ಗರಿಯ ತಟ್ಟಿ. ಯಾರು ಯಾವಾಗ ಎದ್ದರು, ಯಾರ ಮನೆಯಲ್ಲಿ ಯಾರು ಮುನಿಸಿಕೊಂಡು ಬೆನ್ನು ಹಾಕಿ ಕೂತಿದ್ದಾರೆ, ಎಲ್ಲವೂ ದಾರಿಯಲ್ಲಿ ಹೋಗುವವರಿಗೆ ಕಾಣುತ್ತದೆ. ಇಂಥ ಊರಿನಲ್ಲಿ ಗುಟ್ಟು ಕಾಯಲು ಹೊರಟವಳು ಫುವಾತಿನೊ. ಏಳು ತಿಂಗಳಿಂದ ಅವಳು ಗುಟ್ಟು ಕಾಯುತ್ತಿದ್ದಳು, ಏಳು ತಿಂಗಳಿಂದ ಊರು ಅವಳನ್ನು ಕಾಯುತ್ತಿತ್ತು.

ಗುಟ್ಟು ಎಂದರೆ ಒಂದು ಕೆಸು. ಹಿಂದೆ ಎಲೆರೋಗ ಬಂದು ಸಮೋವಾದ ಕೆಸುವೆಲ್ಲ ಕಪ್ಪಾಗಿ ಕೊಳೆತುಹೋದಾಗ, ಕೃಷಿ ಇಲಾಖೆಯವರು ಊರೂರಿಗೆ ಬಂದು ಕೆಸುವಿಗೆ ಕೆಸು ಕೂಡಿಸಿ ಹೊಸ ತಳಿ ಎಬ್ಬಿಸುವುದನ್ನು ರೈತರಿಗೆ ಕಲಿಸಿದರು. ಒಂದು ಗಿಡದ ಗಂಡುಹೂವಿನ ಪುಡಿಯನ್ನು ಕುಂಚದಲ್ಲಿ ತೆಗೆದು ಇನ್ನೊಂದರ ಹೆಣ್ಣುಹೂವಿಗೆ ಸವರುವುದು, ಸಾಸಿವೆಗಿಂತ ಸಣ್ಣ ಬೀಜ ಮೊಳೆಸುವುದು, ಬೆಳೆದದ್ದರಲ್ಲಿ ನೂರಕ್ಕೆ ತೊಂಬತ್ತೊಂಬತ್ತನ್ನು ಹಂದಿಗೆ ಹಾಕುವುದು. ಉಳಿದವರು ಎರಡು ವರ್ಷದಲ್ಲಿ ಸುಸ್ತಾದರು. ಫುವಾತಿನೊ ಹನ್ನೊಂದು ವರ್ಷ ಬಿಡಲಿಲ್ಲ. ಗಂಡ ತೀರಿಕೊಂಡ, ಮಕ್ಕಳು ಮದುವೆಯಾಗಿ ಬೇರೆ ಊರು ಸೇರಿದರು, ಅವಳ ಕುಂಚ ನಿಲ್ಲಲಿಲ್ಲ. ಕೊನೆಗೆ ದಂಟಿನಲ್ಲಿ ನೇರಳೆ ಪಟ್ಟೆ ಇರುವ ಒಂದು ಗಿಡ ಎದ್ದಿತು. ರೋಗ ಅದರ ಹತ್ತಿರ ಸುಳಿಯಲಿಲ್ಲ. ಗಡ್ಡೆಯನ್ನು ಕಾದ ಕಲ್ಲಿನ ಒಲೆಯಲ್ಲಿ ಬೇಯಿಸಿ ತಿಂದ ದಿನ ಅವಳು ಒಬ್ಬಳೇ ಕೂತು ಅತ್ತಳು. ಅಷ್ಟು ರುಚಿಯಾಗಿತ್ತು.

ಅವಳ ಅಣ್ಣನ ಮಗಳು ಲುಸಿಯಾ ಆಚೆ ದ್ವೀಪದ ಅಪಿಯಾ ಪೇಟೆಯಲ್ಲಿ ವಕೀಲಳು. ಹೊಸ ಔಷಧಿ, ಹೊಸ ಬೀಜಗಳಿಗೆ ಪೇಟೆಂಟು ಮಾಡಿಸಿಕೊಡುವುದೇ ಅವಳ ಕಸುಬು. ಒಂದು ಭಾನುವಾರ ಚರ್ಚು ಮುಗಿಸಿ ಊಟಕ್ಕೆ ಬಂದವಳು ಮೊದಲ ತುತ್ತಿಗೇ ಕೈ ನಿಲ್ಲಿಸಿದಳು.

"ಅತ್ತೆ, ಇದನ್ನ ಯಾರಿಗೆಲ್ಲ ಕೊಟ್ಟಿದ್ದೀರಿ?"

"ಯಾರಿಗೂ ಇಲ್ಲ. ಸಾಕಷ್ಟು ಗಿಡ ಆಗಲಿ, ಒಟ್ಟಿಗೇ ಕೊಡೋಣ ಅಂತ."

"ಕೊಡ್ಲೇಬೇಡಿ! ಇದು ಹೊಸದು ಅಂತ ಕಾನೂನು ಒಪ್ಪಬೇಕಾದ್ರೆ ಇನ್ನೊಬ್ಬರ ಹೊಲದಲ್ಲಿ ಇರಕೂಡದು. ಅರ್ಜಿ ಹಾಕೋವರೆಗೂ ಬಾಯಿ ಬಿಡಬೇಡಿ. ನಿಮ್ಮ ಹೆಸರಲ್ಲಿ ಕಾಗದ ಬರುತ್ತೆ, ಈ ಕೆಸು ಫುವಾತಿನೊ ಮಾಡಿದ್ದು ಅಂತ. ಪ್ರಪಂಚದಲ್ಲಿ ಯಾರೂ ಅಲ್ಲ ಅನ್ನೋ ಹಾಗಿಲ್ಲ."

ಆ ಮಾತು ಅವಳಿಗೆ ಗಡ್ಡೆಗಿಂತ ರುಚಿಸಿತು. ಆದರೆ ಅರ್ಜಿಯಲ್ಲಿ ಒಂದು ಪ್ರಶ್ನೆ ಇತ್ತು.

"ತಾಯಿ ಗಿಡ ಯಾವುದು ಅತ್ತೆ?"

"ನಮ್ಮನೇದೇ. ನಮ್ಮಜ್ಜಿ ಕಾಲದ್ದು."

"ತಂದೆ ಗಿಡ?"

ಫುವಾತಿನೊ ಒಲೆಯ ಕಡೆ ತಿರುಗಿದಳು. "ಕಾಡಿನದು. ಎಲ್ಲೋ ಸಿಕ್ಕಿತು."

ಕಾಡಿನದಲ್ಲ, ಪಕ್ಕದ ಮನೆಯದು. ಪಕ್ಕದ ಮನೆಯ ಪೇಪಾ ಎಂಬುವಳ ಹಿತ್ತಿಲಲ್ಲಿ ಒಂದು ನೇರಳೆ ದಂಟಿನ ಕೆಸು ಇತ್ತು. ಹಡಗಿನಲ್ಲಿ ಕೆಲಸ ಮಾಡುತ್ತಿದ್ದ ಅವಳ ಗಂಡ ಯಾವುದೋ ದ್ವೀಪದಿಂದ ತಂದು ನೆಟ್ಟು, ಅದೇ ವರ್ಷ ಸತ್ತಿದ್ದ. ಆ ಗಿಡದ ಗಡ್ಡೆಯನ್ನು ಪೇಪಾ ಯಾರಿಗೂ ತಿನ್ನಿಸಿದವಳಲ್ಲ. ಚರ್ಚಿನ ಹಾಡುಗಾರಿಕೆಯಲ್ಲಿ ಮೊದಲ ದನಿ ಯಾರದು ಎಂಬ ವಿಷಯಕ್ಕೆ ಇಬ್ಬರಿಗೂ ಹದಿನೆಂಟು ವರ್ಷದಿಂದ ಎಣ್ಣೆ ಸೀಗೆಕಾಯಿ. ಕೇಳಿದರೆ ಕೊಡುತ್ತಿರಲಿಲ್ಲ, ಕೇಳಲು ಇವಳ ನಾಲಿಗೆಯೂ ಹೊರಳುತ್ತಿರಲಿಲ್ಲ. ಹಾಗಾಗಿ ಏಳು ವರ್ಷದ ಹಿಂದೆ, ಆ ಗಿಡ ಹೂ ಬಿಟ್ಟಾಗ, ಮೂರು ದಿನ ಬೆಳಗಿನ ಜಾವ ಫುವಾತಿನೊ ಕುಂಚ ಹಿಡಿದು ಬೇಲಿ ದಾಟಿದ್ದಳು. ಕದ್ದದ್ದು ಚಿಟಿಕೆ ಪುಡಿ. ಆದರೂ ಕಳವು ಕಳವೇ ಎಂದು ಅವಳಿಗೆ ಗೊತ್ತಿತ್ತು, ಗೊತ್ತಿದ್ದುದರಿಂದಲೇ ಪೇಪಾಳನ್ನು ಕಂಡರೆ ಇನ್ನಷ್ಟು ಸಿಡುಕುತ್ತಿದ್ದಳು.

ಅರ್ಜಿ ಸಿದ್ಧವಾಗುವವರೆಗೆ ಗುಟ್ಟು ಕಾಯುವುದು ಶುರುವಾಯಿತು. ಸಲೆಲಾಗಿಯಲ್ಲಿ ಒಬ್ಬರ ಗಿಡ ಚೆನ್ನಾಗಿದೆ ಎಂದು ಇನ್ನೊಬ್ಬರು ಹೊಗಳಿದರೆ ಸಾಕು, ಸಂಜೆಯೊಳಗೆ ನಾಲ್ಕು ಸಸಿ ಹೊಗಳಿದವರ ಮನೆ ಸೇರಬೇಕು. ಅದು ಇಲ್ಲಿಯ ಮರ್ಯಾದೆ. ಫುವಾತಿನೊ ಮಾತ್ರ ಯಾರಾದರೂ ತನ್ನ ಹೊಲದ ಕಡೆ ನೋಡಿದರೆ ಆಕಾಶದ ಮಾತು ತೆಗೆಯುತ್ತಿದ್ದಳು. ಗಡ್ಡೆ ಅಗೆದ ದಿನ, ಮತ್ತೆ ನೆಡುವ ದಂಟುಗಳನ್ನು ಚಾಪೆಯಲ್ಲಿ ಸುತ್ತಿ ಮಗುವಿನಂತೆ ಹೊತ್ತು ತರುತ್ತಿದ್ದಳು. ಸಾವಿನ ಮನೆಗೆ ಕೆಸು ಕೊಡುವ ಬದಲು ಅಂಗಡಿ ಅಕ್ಕಿ ಕಳಿಸಿದಳು. ಎಂಜಲು ಕೈಯಲ್ಲಿ ಕಾಗೆ ಓಡಿಸದವಳು ಎಂಬ ಹೆಸರು ಬಂತು.

"ಏನಮ್ಮಾ, ಚಾಪೆ ಒಳಗೆ ಯಾರನ್ನ ಮಲಗಿಸಿದ್ದೀ?" ಎಂದು ಪೇಪಾ ತನ್ನ ಕಂಬಕ್ಕೆ ಒರಗಿ ಕೂತು ಕೂಗುತ್ತಿದ್ದಳು. "ಜೋಪಾನ ಕಣೇ, ಬಿಸಿಲು ಬಿದ್ದಾತು!"

"ನಿನ್ನ ಕಣ್ಣು ಬೀಳದಿದ್ರೆ ಸಾಕು!" ಎಂದು ಇವಳು ಕೂಗುತ್ತಿದ್ದಳು.

ಒಳಗೊಳಗೆ ಫುವಾತಿನೊಗೆ ನಾಚಿಕೆ. ಜಿಪುಣತನ ಅವಳ ರಕ್ತದಲ್ಲಿರಲಿಲ್ಲ, ಕಷ್ಟಪಟ್ಟು ಕಲಿಯುತ್ತಿದ್ದಳು. ಯಾರ ಮನೆಗೆ ಹೋದರೂ ತನಗೆ ಕೆಸು ಬಡಿಸದೆ ಬರೀ ಜೀಗುಜ್ಜೆ ಕಾಯಿ ಬೇಯಿಸಿ ಹಾಕುತ್ತಾರೆ ಎಂಬುದನ್ನೂ ಅವಳು ಗಮನಿಸಿದ್ದಳು. ತನ್ನ ಜಿಪುಣತನಕ್ಕೆ ಊರು ಕೊಡುತ್ತಿರುವ ಉತ್ತರ ಅದು ಎಂದುಕೊಂಡು ಜೀಗುಜ್ಜೆ ನುಂಗುತ್ತಿದ್ದಳು.

ಏಳನೆಯ ತಿಂಗಳು ಲುಸಿಯಾ ದೋಣಿಯಿಳಿದು ಓಡಿಬಂದಳು.

"ಅತ್ತೆ, ಯಾವುದೋ ಪರದೇಶದ ಬೀಜದ ಕಂಪನಿ ಇದೇ ಕೆಸುವಿಗೆ ಅರ್ಜಿ ಹಾಕಿದೆ. ಹಾಕಿ ಎರಡು ವರ್ಷ ಆಯ್ತು, ಈಗ ಬೆಳಕಿಗೆ ಬಂತು. ನೇರಳೆ ಪಟ್ಟೆ, ಎಲೆ, ಎಲ್ಲಾ ಅದೇ. ನಮ್ಮ ಪ್ರಯೋಗಶಾಲೇಲಿ ಹುಟ್ಟಿದ್ದು ಅಂತ ಬರೆದಿದ್ದಾರೆ."

ಅದಕ್ಕೂ ಸ್ವಲ್ಪ ಮುಂಚೆ ಪಾದ್ರಿಗಳ ಮನೆಯಲ್ಲಿ ಒಂದು ವಾರ ಇದ್ದು, ಎಲೆಗಳ ಫೋಟೊ ತೆಗೆಯುತ್ತ ತಿರುಗಿದ್ದ ಬಹಳ ವಿನಯದ ಅತಿಥಿಯೊಬ್ಬ ಫುವಾತಿನೊಗೆ ನೆನಪಾದ. ಹೊರಡುವಾಗ ಅವಳ ಕೈಯನ್ನು ಎರಡು ಕೈಯಲ್ಲಿ ಹಿಡಿದು ಕುಲುಕಿದ್ದ.

"ಅವರಿಗೆ ಪೇಟೆಂಟು ಸಿಕ್ಕರೆ?"

"ನಿಮ್ಮ ಕೆಸು ನೀವು ಹೊರಗೆ ಮಾರೋಕೆ ಅವರನ್ನ ಕೇಳಬೇಕು."

"ನಾನು ಮಾಡಿದ್ದು ಅಂತ ಹೇಳ್ತೀನಿ!"

"ನಿಮ್ಮ ಹೊಲದಲ್ಲಿ ಬಚ್ಚಿಟ್ಟದ್ದಕ್ಕೆ ಸಾಕ್ಷಿ ಎಲ್ಲಿದೆ ಅತ್ತೆ? ನಮ್ಮಿಂದಲೇ ನೀವು ತಗೊಂಡಿರಿ ಅಂತಾರೆ. ಈಗ ಒಂದೇ ದಾರಿ. ಅವರು ಅರ್ಜಿ ಹಾಕೋದಕ್ಕಿಂತ ಮುಂಚೇನೇ ಇದು ನಾಲ್ಕು ಜನರ ಹಿತ್ತಿಲಲ್ಲಿ ಇತ್ತು ಅಂತ ತೋರಿಸಿದ್ರೆ ಅದು ಹೊಸದಲ್ಲ ಅಂತಾಗುತ್ತೆ. ಆಗ ಅವರಿಗೂ ಇಲ್ಲ, ನಮಗೂ ಇಲ್ಲ, ಎಲ್ಲರಿಗೂ ಉಂಟು." ಲುಸಿಯಾ ಧ್ವನಿ ಇಳಿಸಿದಳು. "ಯಾರಿಗಾದ್ರೂ ಒಂದೇ ಒಂದು ಸಸಿ ಕೊಟ್ಟಿದ್ರಾ ಅತ್ತೆ?"

"ಒಬ್ಬರಿಗೂ ಕೊಟ್ಟಿಲ್ಲ." ಫುವಾತಿನೊ ನೆಲ ನೋಡಿದಳು. ಥಟ್ಟನೆ ತಲೆ ಎತ್ತಿದಳು. "ಯಾರಾದ್ರೂ ಕದ್ದಿದ್ರೆ ಆಗುತ್ತಾ?"

"ಭೇಷಾಗಿ ಆಗುತ್ತೆ!"

ಹೀಗೆ ತನ್ನ ಬೆಳೆ ಕದ್ದವರನ್ನು ಕೈಮುಗಿದು ಹುಡುಕಿದ ಹೆಂಗಸು ಆ ದ್ವೀಪದಲ್ಲಿ ಅವಳೊಬ್ಬಳೇ ಇರಬೇಕು. ಎರಡು ದಿನ ಮನೆಮನೆ ಹತ್ತಿಳಿದಳು. "ನೋಡಿ, ಬೇಜಾರು ಮಾಡ್ಕೋಬೇಡಿ, ನೀವೇನಾದ್ರೂ ನನ್ನ ಕೆಸು ಕದ್ದಿದ್ರಾ? ಪುಣ್ಯ ಬರುತ್ತೆ, ಹೇಳಿ." ಎಲ್ಲರೂ ಎದೆಯ ಮೇಲೆ ಕೈಯಿಟ್ಟು ದೇವರಾಣೆ ಹಾಕಿದರು, ಅವಳ ಮುಂದೆ ಜೀಗುಜ್ಜೆ ತಂದಿಟ್ಟರು. ಹೆದರಿಕೆಗೆ ಕಾರಣವಿತ್ತು. ಕೆಸು ಕದ್ದವರಿಗೆ ಊರಿನ ದಂಡ ಒಂದು ಹೆಣ್ಣುಹಂದಿ ಮತ್ತು ಹತ್ತು ಪೆಟ್ಟಿಗೆ ಡಬ್ಬಿಮೀನು. ದಂಡಕ್ಕಿಂತ ಹೆಚ್ಚಾಗಿ, ಮುಖಂಡರ ಸಭೆಯಲ್ಲಿ ಹೆಸರು ಕೂಗಿ ಹೇಳುವ ಅವಮಾನ.

ಫುವಾತಿನೊ ಸಭೆಗೇ ಹೋದಳು. ಮುಖಂಡರು ತಮ್ಮತಮ್ಮ ಕಂಬಕ್ಕೆ ಒರಗಿ ಕೂತಿದ್ದರು, ಹಿಂದೆ ಹೆಂಗಸರ ಸಂಘದವರು. ಎದುರು ಕಂಬದಲ್ಲಿ ಊರಿನ ಪರವಾಗಿ ಮಾತಾಡುವ ವಾಗ್ಮಿ, ಹಿರಿಯ ಲಾವೆಯ. ದಂಡದ ವಿಷಯದಲ್ಲಿ ತನ್ನ ಸ್ವಂತ ಅಳಿಯನನ್ನೂ ಬಿಡದ ಮನುಷ್ಯ. ಲುಸಿಯಾ ಎಲ್ಲವನ್ನೂ ಬಿಡಿಸಿ ಹೇಳಿ, ಈ ಒಂದು ಸಲ ಕಳ್ಳರಿಗೆ ಮಾಫಿ ಕೊಡಬೇಕೆಂದು ಬೇಡಿಕೊಂಡಳು.

"ಆಗಲ್ಲ ಮಗಳೇ," ಎಂದ ಲಾವೆಯ. "ಇವತ್ತು ಪೇಟೆಂಟು ಅಂತ ಬಿಟ್ರೆ ನಾಳೆ ಇನ್ನೊಂದು ಅಂತ ಬಿಡಬೇಕಾಗುತ್ತೆ. ಕದ್ದೋರು ಇದ್ರೆ ಎದ್ದು ಹೇಳಲಿ, ದಂಡ ಕಟ್ಟಲಿ."

ಯಾರೂ ಏಳಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜನ ಅಂದು ಹೆಗಲು ಬಿಗಿಹಿಡಿದು ಕೂತಿದ್ದರು. ಎಲ್ಲರ ಕಣ್ಣೂ ಚಾಪೆಯ ಮೇಲೆ. ಫುವಾತಿನೊಗೆ ಹನ್ನೊಂದು ವರ್ಷ ಕಣ್ಣ ಮುಂದೆ ಹರಿದುಹೋಯಿತು. ಇನ್ನೊಂದು ಗಳಿಗೆ ಸುಮ್ಮನಿದ್ದರೆ ಆ ಗಿಡ ಪರರ ಪಾಲು. ಆದರೆ ಕಳ್ಳರು ಎದ್ದು ನಿಲ್ಲಲಿ ಎಂದು ಕೇಳುತ್ತ ತಾನು ಕೂತಿರುವುದು ಹೇಗೆ? ಎದ್ದು ನಿಂತಳು.

"ಮೊದಲನೇ ಕಳ್ಳಿ ನಾನು," ಎಂದಳು. "ಆ ಕೆಸುವಿನ ತಂದೆ ಕಾಡಿನದಲ್ಲ. ಪೇಪಾಳ ಗಂಡ ನೆಟ್ಟ ಗಿಡ. ಮೂರು ದಿನ ಬೇಲಿ ಹಾರಿ ಹೂವಿನ ಪುಡಿ ಕದ್ದೆ. ಹಂದಿ ಕೊಡ್ತೀನಿ, ಮೀನು ಕೊಡ್ತೀನಿ."

ಸಭೆ ಪೇಪಾಳ ಕಡೆ ತಿರುಗಿತು. ಪೇಪಾ ಬೀಸಣಿಗೆ ಬೀಸುವುದನ್ನು ನಿಲ್ಲಿಸಲಿಲ್ಲ.

"ಗೊತ್ತು," ಎಂದಳು. "ನೋಡ್ತಾ ಮಲಗಿದ್ದೆ. ನಮ್ಮನೇಗೇನು ಗೋಡೆ ಇದೆಯಾ? ಎರಡನೇ ದಿನ ಕೆಮ್ಮು ಬಂತು ನಂಗೆ. ಕೆಮ್ಮಿದ್ರೆ ನೀನು ಬೆಚ್ಚಿಬಿದ್ದು ಹೂ ಮುರೀತೀಯ ಅಂತ ಹೊದಿಕೆ ಬಾಯಿಗೆ ತುರುಕ್ಕೊಂಡೆ."

"ಗೊತ್ತಿತ್ತಾ? ಮತ್ತೆ ಯಾಕೆ ಸುಮ್ಮನಿದ್ದೆ?"

"ಅವನು ಸತ್ತು ಅಷ್ಟು ವರ್ಷ ಆಗಿತ್ತು. ಅವನ ಗಿಡ ಅಂತ ನಾನೊಬ್ಬಳೇ ನೋಡ್ಕೊಂಡು ಕೂತಿದ್ದೆ. ಅದಕ್ಕೊಂದು ಮಗು ಆಗ್ಲಿ ಅನ್ನಿಸ್ತು." ಪೇಪಾಳ ಬೀಸಣಿಗೆ ಈಗ ನಿಂತಿತು. "ನೀನು ಕೇಳಿದ್ರೆ ಕೊಡ್ತಿರಲಿಲ್ಲ, ಬಿಡು. ಆದ್ರೆ ಕೇಳಬೇಕಿತ್ತು ಕಣೇ. ನೀನು ಬಂದು ಕೇಳಲಿ ಅಂತ ನಂಗೆ ಆಸೆ ಇತ್ತು."

ಫುವಾತಿನೊ ಪೇಪಾಳ ಕಡೆಗೆ ಮುಖ ಮಾಡಿ ಕೂತಳು. ಹದಿನೆಂಟು ವರ್ಷದಲ್ಲಿ ಹಾಗೆ ಕೂತದ್ದು ಅದೇ ಮೊದಲು.

"ಸರಿ, ಇನ್ನು ನನ್ನದು ಕೇಳಿ," ಎಂದು ಪೇಪಾ ಲಾವೆಯನ ಕಡೆ ತಿರುಗಿದಳು. "ನಾಲ್ಕು ವರ್ಷದ ಹಿಂದೆ ಇವಳ ಹೊಲದಿಂದ ಎರಡು ದಂಟು ತಂದು ನೆಟ್ಟೆ. ಅದು ನಮ್ಮನೆ ಮೊಮ್ಮಗು. ಮೊಮ್ಮಗೂನ ಅಜ್ಜಿ ಮನೆಗೆ ಕರ್ಕೊಂಡು ಬಂದ್ರೆ ಅದು ಕಳವಾ? ಆಗ್ಲಿ, ದಂಡ ಹಾಕ್ತೀರಾ, ಹಾಕಿ."

"ನಾಲ್ಕು ವರ್ಷ!" ಲುಸಿಯಾ ಕುಳಿತಲ್ಲಿಂದ ಜಿಗಿದಳು. "ಸಾಕ್ಷಿ ಇದೆಯಾ ಅಜ್ಜಿ?"

"ಅದೇ ವರ್ಷ ಮಕ್ಕಳ ಹಬ್ಬದ ದಿನ ಅದರ ಮುಂದೆ ನಿಂತು ಫೋಟೊ ತೆಗೆಸಿ ಆಕ್ಲೆಂಡಿನ ಮಗಳಿಗೆ ಕಳಿಸಿದ್ದೆ. ಅವಳು ಅದನ್ನ ಫೇಸ್‌ಬುಕ್ಕಿಗೆ ಹಾಕಿ, ನಮ್ಮಮ್ಮನ ಹೊಸ ಕೆಸು ನೋಡಿ ಅಂತ ಬರೆದಳು. ಮುನ್ನೂರು ಜನ ಹೃದಯ ಒತ್ತಿದ್ರಂತೆ."

ಲುಸಿಯಾ ನಗುತ್ತಲೇ ಅತ್ತುಬಿಟ್ಟಳು. ಆಮೇಲೆ ಸಭೆಯ ಕಟ್ಟೆ ಒಡೆಯಿತು. ಹೆಂಗಸರ ಸಂಘದ ಅಧ್ಯಕ್ಷೆ ಪೇಪಾಳ ಹಿತ್ತಿಲಿಂದ ಕದ್ದಿದ್ದಳು. ಪಾದ್ರಿಗಳ ಹೆಂಡತಿ ಅಧ್ಯಕ್ಷೆಯ ಹೊಲದಿಂದ. ಆ ವಿನಯದ ಅತಿಥಿಗೆ ಭಾನುವಾರ ಬಡಿಸಿದ್ದೂ ಅದೇ ಗಡ್ಡೆ ಎಂದು ಪಾದ್ರಿಗಳು ತಲೆ ತಗ್ಗಿಸಿ ಒಪ್ಪಿಕೊಂಡರು. ಬೆಟ್ಟದ ಮೇಲಿನ ಹೊಲಗಳಲ್ಲಿ, ಬಾಳೆಯ ಮರೆಯಲ್ಲಿ, ಊರಿಗೂರೇ ಅದನ್ನು ಬೆಳೆಯುತ್ತಿತ್ತು. ಫುವಾತಿನೊ ಬಂದಾಗ ಮಾತ್ರ ಮುಚ್ಚಿಟ್ಟು ಜೀಗುಜ್ಜೆ ಬೇಯಿಸುತ್ತಿತ್ತು. ಎಲ್ಲರೂ ಹೇಳಿ ಮುಗಿಸಿದ ಮೇಲೆ ಉಳಿದದ್ದು ಒಂದೇ ಕಂಬ. ಲಾವೆಯ ಬಹಳ ಹೊತ್ತು ಕೆಮ್ಮಿದ.

"ಬೇಲಿಯೇ ಎದ್ದು ಹೊಲ ಮೇಯ್ತು ಅಂತ ನೀವು ಅನ್ನೋಕೆ ಮುಂಚೆ ನಾನೇ ಅಂದುಬಿಡ್ತೀನಿ," ಎಂದ. "ಮೂರು ವರ್ಷ ಆಯ್ತು. ಪಾದ್ರಿಗಳ ಹಿತ್ತಿಲಿಂದ. ಎಂಟು ದಂಟು."

"ಎಂಟು!" ಎಂದಳು ಪೇಪಾ. "ನಾನು ಎರಡೇ ತಂದದ್ದು!"

ದಂಡ ಮಾಫಿ ಆಗಲಿಲ್ಲ. ಎಲ್ಲರೂ ಹಂದಿ ತಂದರು, ಎಲ್ಲರೂ ಮೀನು ತಂದರು. ಊರಿನ ದಂಡ ಊರಿಗೇ ಹಂಚಬೇಕು ಎಂಬುದು ಕಟ್ಟಳೆ, ಹಾಗಾಗಿ ಎರಡು ದಿನ ಒಲೆ ಆರಲಿಲ್ಲ. ಫುವಾತಿನೊ ತನ್ನ ಕೆಸುವನ್ನು ಬೇರೆಯವರ ಕೈಯಿಂದ ಮೊದಲ ಸಲ ತಿಂದಳು. ಪೇಪಾ ಬೇಯಿಸಿದ್ದು ತನ್ನದಕ್ಕಿಂತ ಚೆನ್ನಾಗಿದೆ ಅನ್ನಿಸಿತು. ಆದರೆ ಅದನ್ನು ಅವಳು ಬಾಯಿಬಿಟ್ಟು ಹೇಳುವವಳಲ್ಲ.

ವರ್ಷ ಕಳೆದು ಕಾಗದ ಬಂತು. ಈ ಕೆಸು ಹೊಸದಲ್ಲ, ಅರ್ಜಿಗೆ ಮುಂಚೆಯೇ ಸಾರ್ವಜನಿಕರಲ್ಲಿ ಬಳಕೆಯಲ್ಲಿತ್ತು, ಕಂಪನಿಗೆ ಪೇಟೆಂಟು ಇಲ್ಲ. ಲುಸಿಯಾ ಓದಿ ಹೇಳುವಾಗ ಫುವಾತಿನೊ ಎರಡು ಸಲ ಕೇಳಿದಳು.

"ನನ್ನ ಹೆಸರು ಎಲ್ಲೂ ಇಲ್ವಾ?"

"ಇಲ್ಲ ಅತ್ತೆ. ಸಾರ್ವಜನಿಕರು ಅಂತ ಇದೆ."

ಅವಳಿಗೆ ನೋವಾಯಿತು. ಗೆದ್ದ ದಿನ ಅಳಬಾರದೆಂದು ಎದ್ದು ಹೊರಟಳು. ಬೇಲಿಯ ಹತ್ತಿರ ಬಂದಾಗ ಪೇಪಾಳ ಹಳೆಯ ಗಿಡದಲ್ಲಿ ಒಂದು ಮೊಗ್ಗು ಕಂಡಿತು. ಆ ಗಿಡ ಹೂ ಬಿಡುವುದು ಅಪರೂಪ. ಅವಳ ಬೆರಳು ತಾನಾಗಿಯೇ ತುರಿಸಿತು. ಈ ಸಲ ದಾರಿ ಸುತ್ತಿಕೊಂಡು, ಮುಂದಿನ ಕಡೆಯಿಂದ, ಪೇಪಾಳ ಚಾಪೆಯ ಎದುರು ಹೋಗಿ ಕಾಲು ಮಡಿಸಿ ಕೂತಳು.

"ಪೇಪಾ, ನಿನ್ನ ಗಂಡನ ಗಿಡದ ಹೂವಿನ ಪುಡಿ ಚಿಟಿಕೆ ಬೇಕಿತ್ತು. ಕೊಡ್ತೀಯಾ?"

ಪೇಪಾ ಬೀಸಣಿಗೆ ಕೆಳಗಿಟ್ಟಳು. ಮುಖವನ್ನು ಎಷ್ಟು ಬಿಗಿದರೂ ತುಟಿಯ ತುದಿ ಅವಳ ಮಾತು ಕೇಳಲಿಲ್ಲ.

"ಕೊಡಲ್ಲ," ಎಂದಳು. "ಹೂ ಅರಳೋಕೆ ಇನ್ನೂ ಮೂರು ದಿನ ಇದೆ. ಅಲ್ಲೀತನಕ ದಿನಾ ಬಂದು ಕೇಳು."